ಗುಬ್ಬಚ್ಚಿಗೆ ಕ್ಷೌರದ ಕುರ್ಚಿ

ನಮ್ಮಮ್ಮನಿಗೆ ಒಂದು ಅಭ್ಯಾಸ. ಯಾರು ಏನು ಕೊಟ್ಟರೂ ತೆರೆದು ನೋಡೋ ಮೊದಲೇ ಹೊಗಳಿಬಿಡಬೇಕು. ಪೊಟ್ಟಣ ಕೈಗೆ ಬಂತೋ ಇಲ್ಲವೋ, "ಅಯ್ಯೋ, ಎಷ್ಟು ಚೆನ್ನಾಗಿದೆ!" ಅಂದೇಬಿಟ್ಟಳು. ಒಳಗೆ ಇಟ್ಟಿಗೆ ಇರಲಿ, ಬಂಗಾರ ಇರಲಿ, ಹೊಗಳಿಕೆ ಮೊದಲು, ದಾರ ಬಿಚ್ಚೋದು ಆಮೇಲೆ. ಇದು ನಮ್ಮ ಅಜ್ಜಿ ಕಲಿಸಿದ ಪಾಠವಂತೆ. "ತೆರೆದು ನೋಡಿ ಹೊಗಳಿದ್ರೆ ವಸ್ತುವನ್ನ ಹೊಗಳಿದ ಹಾಗೆ, ತೆರೆಯದೆ ಹೊಗಳಿದ್ರೆ ಕೊಟ್ಟವರನ್ನ ಹೊಗಳಿದ ಹಾಗೆ" ಅಂತಿದ್ದಳಂತೆ ಅಜ್ಜಿ. ಕೇಳೋಕೇನೋ ಚೆಂದ. ಇಂಥವಳ ಮಗಳಾಗಿ ಬಾಳಿ ನೋಡಿ, ಆಗ ಗೊತ್ತಾಗುತ್ತೆ.

ನಾನು ಗಣಿತದಲ್ಲಿ ಡುಮ್ಕಿ ಹೊಡೆದು ಅಂಕಪಟ್ಟಿ ತಂದ ದಿನ ಅಮ್ಮ ಅದನ್ನ ಮಡಚಿದ್ದ ಹಾಗೇ ಕೈಯಲ್ಲಿ ಹಿಡಿದು, "ನನ್ನ ಮಗಳು ಜಾಣೆ" ಅಂತ ಬೀದಿಗೆಲ್ಲ ಸಾರಿಕೊಂಡು ಬಂದಳು. ಆ ಕಾಗದ ಬಿಡಿಸಿದ ಮೇಲೆ ನಾನು ಮುಖ ಎಲ್ಲಿಟ್ಟುಕೊಳ್ಳಬೇಕಿತ್ತು, ಹೇಳಿ. ಇನ್ನು ನನ್ನ ತಮ್ಮ. ಅವನು ಕೂದಲು ಕತ್ತರಿಸೋ ಕೆಲಸ ಕಲಿಯುವಾಗ ಮೊದಲ ಪ್ರಯೋಗ ನಡೆಸಿದ್ದು ನನ್ನ ತಲೆ ಮೇಲೆ. ಇಲಿ ಕಡಿದ ಹಾಗಿತ್ತು. ಒಲೆ ಕಡೆ ಮುಖ ಮಾಡಿ ನಿಂತಿದ್ದ ಅಮ್ಮ ತಿರುಗಿ ಕೂಡ ನೋಡದೆ, "ತುಂಬಾ ಚೆನ್ನಾಗಿದೆ ಕಣೋ!" ಅಂದಳು. ನಾನು ಆ ಕೂದಲು ಬೆಳೆಯೋವರೆಗೂ ತಲೆಗೆ ಬಟ್ಟೆ ಕಟ್ಟಿಕೊಂಡೇ ಓಡಾಡಿದೆ.

ತಮ್ಮ ಈಗ ಪಳಗಿದ ಕೈ. ಬೇರೆಯವರ ಸಲೂನಿನಲ್ಲಿ ವರ್ಷಗಟ್ಟಲೆ ನಿಂತು ಕತ್ತರಿ ಆಡಿಸಿದವನು. ಆದರೂ ಅವನಿಗೊಂದು ಕೊರಗು. "ಅಕ್ಕಾ, ನಾನು ನಿಜವಾಗ್ಲೂ ಚೆನ್ನಾಗಿ ಮಾಡ್ತೀನಾ ಇಲ್ವಾ ಅಂತ ನಂಗೇ ಗೊತ್ತಿಲ್ಲ ಕಣೇ. ಅಮ್ಮ ನನ್ನ ಕೆಲಸ ಹುಟ್ಟಿದಾಗಿನಿಂದ ಹೊಗಳಿದ್ದಾಳೆ, ಒಂದು ಸಲಾನೂ ನೋಡಿಲ್ಲ" ಅಂತಿದ್ದ. ನಾನು, "ನೋಡಿ ಬೈಯೋಕೆ ನಾನಿದ್ದೀನಲ್ಲೋ" ಅಂದರೆ, "ನೀನು ಎಲ್ಲದಕ್ಕೂ ಬೈತೀಯ, ಅದೂ ಲೆಕ್ಕಕ್ಕಿಲ್ಲ" ಅಂದುಬಿಟ್ಟ, ಕತ್ತೆ.

ಸುಳ್ಳೇನಲ್ಲ ಬಿಡಿ. ನಾನು ಬಟ್ಟೆ ಹೊಲೀತೀನಿ. ನನ್ನ ಬಾಯಿ ಅಮ್ಮನದಲ್ಲ, ಅಪ್ಪನ ಕಡೆಯದು. ಕೆಟ್ಟ ಹೊಲಿಗೆ ಕಂಡರೆ ಕೆಟ್ಟದ್ದು ಅಂತೀನಿ. "ನಿನ್ನ ಕೈ ಚೆನ್ನ, ಬಾಯಿಗೆ ಮಾತ್ರ ಒಂದು ಗುಂಡಿ ಹೊಲ್ಕೋ" ಅಂತ ಗಿರಾಕಿಗಳು ತಮಾಷೆ ಮಾಡ್ತಾರೆ.

ನನ್ನ ಅಂಗಡಿ ಪಕ್ಕದ ಕೋಣೆ ಖಾಲಿಯಾದಾಗ ತಮ್ಮ ಗಟ್ಟಿ ಮನಸ್ಸು ಮಾಡಿ ಅದನ್ನ ಬಾಡಿಗೆಗೆ ಹಿಡಿದ. ಇದ್ದ ಕೆಲಸ ಬಿಟ್ಟ. ಗೋಡೆಗೆ ತಿಳಿಹಸಿರು ಬಣ್ಣ ಬಳಿದದ್ದಾಯ್ತು, ಉದ್ದ ಕನ್ನಡಿ ಕೂರಿಸಿದ್ದಾಯ್ತು, "ಈ ಭಾನುವಾರದಿಂದ" ಅಂತ ಬಾಗಿಲಿಗೆ ಬೋರ್ಡು ತೂಗುಹಾಕಿದ್ದೂ ಆಯ್ತು. ಉಳಿದದ್ದು ಕುರ್ಚಿ ಒಂದೇ. ಅಂತಿಂಥ ಕುರ್ಚಿಯಲ್ಲ. ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಕ್ಕೆ ಏರುತ್ತೆ, ಬೆನ್ನು ಹಿಂದಕ್ಕೆ ವಾಲುತ್ತೆ, ತಲೆಗೊಂದು ದಿಂಬು, ಮೈಯೆಲ್ಲ ಕೆಂಪು ರೆಕ್ಸಿನ್. ಅವನು ಕೂಡಿಟ್ಟಿದ್ದೆಲ್ಲ ಅದಕ್ಕೇ. "ಕುರ್ಚಿ ಇಲ್ಲದಿದ್ರೆ ಅದು ಸಲೂನಲ್ಲ ಅಕ್ಕಾ, ಕನ್ನಡಿ ಇರೋ ಕೋಣೆ ಅಷ್ಟೇ" ಅಂತಿದ್ದ.

ಕುರ್ಚಿ ತರಿಸಿದ್ದು ಫೋನಿನೊಳಗಿನ ಸಂತೆಯಿಂದ. ಆ ಸಂತೆಗೆ ನಮ್ಮ ಬೀದಿಯ ಮಹಾರಾಣಿ ಅಮ್ಮನೇ. ಯಾರಿಗೆ ಏನು ಬೇಕಾದರೂ ತನ್ನ ಫೋನಿಂದ ತರಿಸಿಕೊಡ್ತಾಳೆ. ಯಾಕೆ ಅಂತೀರಾ? ವಸ್ತು ಬಂದಮೇಲೆ ನಕ್ಷತ್ರ ಕೊಟ್ಟು ನಾಲ್ಕು ಮಾತು ಬರೆಯೋಕೆ ಅಲ್ಲಿ ಜಾಗ ಇರುತ್ತಲ್ಲ, ಅದಕ್ಕೆ. ಹೊಗಳೋಕೆ ಅಂತಲೇ ಜಾಗ ಬಿಟ್ಟಿರೋ ಅಂಗಡಿಯನ್ನ ಅಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ನನಗೆ ಸೂಜಿ ಬಂದಾಗ "ತುಂಬಾ ಚೂಪಾಗಿವೆ, ಮಾಡಿದ ಕೈಗಳಿಗೆ ಎಂದೂ ನೋವಾಗದಿರಲಿ" ಅಂತ ಬರೆದಿದ್ದಳು. ಪೊಟ್ಟಣ ಬಿಚ್ಚಿರಲಿಲ್ಲ. ಬಿಚ್ಚಿದ ಮೇಲೆ ನೋಡಿದರೆ ಒಳಗಿದ್ದದ್ದು ಗುಂಡಿ.

ಗುರುವಾರ ಬೆಳಿಗ್ಗೆ ಪಾರ್ಸಲಣ್ಣ ಬಂದ. ನಮ್ಮ ಬೀದಿಗೆಲ್ಲ ಡಬ್ಬ ಹೊತ್ತು ತರೋನು ಅವನೇ, ಆಳು ದಪ್ಪ, ಮನಸ್ಸು ತೆಳು. ದೊಡ್ಡ ರಟ್ಟಿನ ಡಬ್ಬವನ್ನ ಒಂದೇ ಕೈಯಲ್ಲಿ ಭುಜದ ಮೇಲೆ ಹಿಡಿದಿದ್ದ.

"ಅಮ್ಮಾ, ಕುರ್ಚಿ ಅಂತ ಬರೆದಿದೆ. ಆದ್ರೆ ಯಾಕೋ ತುಂಬಾ ಹಗುರ ಇದೆಯಲ್ಲ" ಅಂದ.

"ಈಗಿನ ಕಾಲದ ವಸ್ತು ಅಂದ್ರೆ ಹಾಗೇ ಇರಬೇಕಪ್ಪಾ. ಅಬ್ಬಾ, ಎಷ್ಟು ಚೆನ್ನಾಗಿದೆ!" ಅಂದಳು ಅಮ್ಮ. ಅಂದವಳೇ ಫೋನು ತೆಗೆದಳು.

"ಅಮ್ಮಾ, ತಡಿ! ಬಿಚ್ಚಿ ನೋಡೋಣ ಮೊದಲು" ಅಂತ ನಾನು ಹೊಲಿಗೆ ಯಂತ್ರ ಬಿಟ್ಟು ಓಡಿಬಂದೆ.

"ಬಾಗಿಲಿಗೆ ಬಂದವನ ಎದುರಿಗೆ ಬಿಚ್ಚಿ ಪರೀಕ್ಷೆ ಮಾಡೋದಾ? ಅವನ ಮನಸ್ಸಿಗೆ ಹೇಗಾಗಬೇಡ?"

"ನಂಗೇನೂ ಆಗಲ್ಲಮ್ಮಾ, ನೋಡಿ" ಅಂದ ಪಾರ್ಸಲಣ್ಣ. ಅಮ್ಮ ಕೇಳಿಸಿಕೊಂಡರೆ ತಾನೇ. ಐದಕ್ಕೆ ಐದು ನಕ್ಷತ್ರ ಒತ್ತಿ, "ಕುರ್ಚಿ ತುಂಬಾ ಚೆನ್ನಾಗಿದೆ. ನನ್ನ ಮಗನ ಬಾಳಿಗೆ ಆಸರೆ ಕೊಟ್ಟಿರಿ. ನಿಮ್ಮ ಮನೆ ತುಂಬಿರಲಿ" ಅಂತ ಬರೆದು ಮುಗಿಸಿಯೇ ತಲೆ ಎತ್ತಿದಳು. ಪಾರ್ಸಲಣ್ಣನಿಗೆ ಚಹಾ ಕೊಟ್ಟು ಕಳಿಸಿದಳು.

ಆಮೇಲೆ ತಮ್ಮ ಡಬ್ಬವನ್ನ ತನ್ನ ಕೋಣೆಯಲ್ಲಿಟ್ಟು ಬಿಚ್ಚಿದ. ಒಂದು ಪದರ ಕಾಗದ ಬಂತು. ಇನ್ನೊಂದು ಪದರ ಬಂತು. ಮುದ್ದೆ ಮಾಡಿದ ಕಾಗದ ತೆಗೆದಷ್ಟೂ ಇತ್ತು, ಪಕ್ಕದಲ್ಲಿ ರಾಶಿ ಬಿತ್ತು. ಕೊನೆಗೆ ತಮ್ಮ ಡಬ್ಬದೊಳಗೆ ತಲೆ ತೂರಿಸಿ, ಅಂಗೈ ಮೇಲೆ ಏನನ್ನೋ ಇಟ್ಟುಕೊಂಡು ಹೊರಗೆ ತೆಗೆದ. ಕುರ್ಚಿ! ಕೆಂಪು ರೆಕ್ಸಿನ್, ತಲೆಗೆ ದಿಂಬು, ವಾಲೋ ಬೆನ್ನು, ಎಲ್ಲ ಇತ್ತು. ಅಂಗೈ ಅಗಲದ್ದು. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ಇಲ್ಲಿ ಇಲಿಗೂ ಕೂರೋಕೆ ಇಕ್ಕಟ್ಟು. ತಮ್ಮ ಉಗುರಿನಿಂದ ಪೆಡಲ್ ಒತ್ತಿದ. ಸುಳ್ಳು ಯಾಕೆ ಹೇಳಲಿ, ಅಚ್ಚುಕಟ್ಟಾಗಿ ಮೇಲಕ್ಕೆ ಏರಿತು.

ನನಗೆ ನಗು ತಡೆಯೋಕಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ತಮ್ಮನ ಮುಖ ನೋಡಿದೆ. ಅವನು ಆ ಕಾಗದದ ರಾಶಿ ಮೇಲೇ ಕುಸಿದು ಕೂತಿದ್ದ. ಮುಂದೆ ಖಾಲಿ ನೆಲ, ಎದುರಿಗೆ ಉದ್ದ ಕನ್ನಡಿ, ಕನ್ನಡಿಯೊಳಗೂ ಖಾಲಿ ನೆಲ. ಇದ್ದ ಕೆಲಸ ಹೋಗಿತ್ತು, ಕೂಡಿಟ್ಟದ್ದೂ ಹೋಗಿತ್ತು, ಭಾನುವಾರ ಬಾಗಿಲಲ್ಲೇ ತೂಗ್ತಿತ್ತು.

ನನಗೆ ಕೋಪ ಬಂದರೆ ಮುಂದೆ ಯಾರಿದ್ದಾರೆ ಅಂತ ನೋಡಲ್ಲ. ಶುಕ್ರವಾರ ಇಡೀ ದಿನ ಹೊಲಿಗೆ ಬಿಟ್ಟು ಅಮ್ಮನ ಫೋನು ಹಿಡಿದು ಕೂತೆ. ಮೊದಲು ಮಾರಿದವನಿಗೆ ಸಂದೇಶ ಕಳಿಸಿದೆ. ಅವನು ಉತ್ತರ ಬರೆದ: "ಕುರ್ಚಿ ಕಳಿಸ್ತೀವಿ ಅಂದಿದ್ವಿ, ಕುರ್ಚಿ ಕಳಿಸಿದ್ದೀವಿ. ಎತ್ತರ ಎಷ್ಟು ಅಂತ ನೀವು ಕೇಳಲಿಲ್ಲ." ಕಳ್ಳನಿಗೊಂದು ಪಿಳ್ಳೆ ನೆವ! ಚಿತ್ರದಲ್ಲಿ ಆ ಕುರ್ಚಿ ಮೇಲೆ ಮೀಸೆ ಹೊತ್ತ ಗಂಡಸು ಕಾಲು ಚಾಚಿ ಕೂತಿದ್ದಾನೆ. ಅವನನ್ನೂ ಅದೇ ಅಳತೆಗೆ ಕಳಿಸ್ತೀಯೇನೋ ಅಂತ ಕೇಳಿದೆ.

ಆಮೇಲೆ ಸಂತೆ ನಡೆಸೋ ಕಂಪನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಂದು ಹುಡುಗಿ ಸಿಕ್ಕಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು.

"ನಿಮ್ಮ ಬೇಸರ ನನಗೆ ಅರ್ಥ ಆಗುತ್ತೆ ಮೇಡಂ. ಆದರೆ ನಾವು ಬರೀ ಜಾಗ ಕೊಡ್ತೀವಿ. ಮಾರೋದು ಮಾರಾಟಗಾರರು. ಹೊಣೆ ಅವರದು."

"ದುಡ್ಡು ಯಾರ ಕೈಗೆ ಬಂತು? ನಿಮ್ಮ ಕೈಗೆ ತಾನೇ?"

"ನಮ್ಮ ಮೂಲಕ ಹೋಗುತ್ತೆ ಮೇಡಂ."

"ಹೋಗುವಾಗ ಸ್ವಲ್ಪ ನಿಮ್ಮ ಕೈಗೆ ಅಂಟಿಕೊಳ್ಳುತ್ತೋ ಇಲ್ವೋ?"

ಹುಡುಗಿ ಕೀಲಿಮಣೆ ಕುಟ್ಟೋ ಸದ್ದು ಕೇಳಿಸಿತು. ಆಮೇಲೆ, "ಮೇಡಂ, ನಿಮ್ಮ ದೂರನ್ನ ತಗೊಳ್ಳೋಕೆ ಆಗಲ್ಲ. ವಸ್ತು ತುಂಬಾ ಚೆನ್ನಾಗಿದೆ ಅಂತ ನೀವೇ ಐದು ನಕ್ಷತ್ರ ಕೊಟ್ಟಿದ್ದೀರಿ. ಮಗನ ಬಾಳಿಗೆ ಆಸರೆ ಅಂತಾನೂ ಬರೆದಿದ್ದೀರಿ" ಅಂದಳು.

ಫೋನಿನ ಸ್ಪೀಕರ್ ಹಾಕಿದ್ದೆ. ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಎಲ್ಲ ಕೇಳಿಸಿತು.

ಅಷ್ಟರಲ್ಲಿ ಗಡಿಯಾರದ ಮಾವ ಬಂದರು. ಎದುರು ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡೋರು, ಲೋಕದ ನ್ಯಾಯವೆಲ್ಲ ತಮ್ಮ ಕೈಲೇ ಇದೆ ಅಂದುಕೊಂಡೋರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುರ್ಚಿಯನ್ನ ಸುತ್ತಲೂ ಪರೀಕ್ಷಿಸಿದರು. "ಪಾರ್ಸಲಿನವನನ್ನ ಹಿಡೀಬೇಕು. ತಂದುಕೊಟ್ಟವನು ಅವನು, ಹೊಣೆ ಅವನದೇ" ಅಂತ ತೀರ್ಪು ಕೊಟ್ಟರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ ಮಾವ! ಅವನು ಪಾಪ ಹೊರೋನು" ಅಂದೆ.

"ಹಾಗಾದ್ರೆ ಕೊಂಡವರದೇ ತಪ್ಪು. ನೋಡದೆ ಹೊಗಳಬಾರದಿತ್ತು" ಅಂದುಬಿಟ್ಟರು. ಅಂದಮೇಲೆ ಅಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಅಮ್ಮ ಲೋಟವನ್ನ ಅಲ್ಲೇ ಇಟ್ಟು ಒಳಗೆ ಹೋದಳು. ಅವತ್ತು ಮಧ್ಯಾಹ್ನ ನಾನು ಮಾಡಿದ ಅಡುಗೆಯನ್ನ ಹೊಗಳದೆ ಉಂಡಳು. ನಾನು ಹುಟ್ಟಿದ ಮೇಲೆ ಅಂಥದ್ದು ನಡೆದದ್ದು ಅದೇ ಮೊದಲು. ನನ್ನ ಸಿಟ್ಟನ್ನೆಲ್ಲ ಸೇರಿಸಿ ನನ್ನ ಫೋನಿಂದ ಆ ಅಂಗಡಿಗೆ ಒಂದೇ ನಕ್ಷತ್ರ ಕೊಟ್ಟು, ಬಾಯಿಗೆ ಬಂದದ್ದೆಲ್ಲ ಬರೆದೆ. "ಭಾಷೆ ಸರಿಯಿಲ್ಲ" ಅಂತ ಕಂಪನಿ ಅದನ್ನ ಅಳಿಸಿಹಾಕಿತು. ಸ್ವಲ್ಪ ತಗ್ಗಿಸಿ ಇನ್ನೊಂದು ಬರೆದೆ. ಅದು ಎಲ್ಲೋ ತಳಕ್ಕೆ ಹೋಗಿ ಕೂತಿತು, ಹುಡುಕಿದರೆ ನನಗೇ ಸಿಗಲಿಲ್ಲ. ಮೇಲೆ ಕಾಣೋದು ಹೊಗಳಿಕೆ ಮಾತ್ರ. ಎಲ್ಲಕ್ಕಿಂತ ಮೇಲೆ ರಾಜಗಾಂಭೀರ್ಯದಿಂದ ಕೂತಿತ್ತು ನಮ್ಮಮ್ಮನ ಐದು ನಕ್ಷತ್ರ.

ಅದರ ಕೆಳಗೆ ಯಾರೋ ಒಬ್ಬಳು ಬರೆದಿದ್ದಳು: "ಈ ತಾಯಿಯ ಮಾತು ನಂಬಿ ನನ್ನ ಬ್ಯೂಟಿ ಪಾರ್ಲರಿಗೆ ನಾನೂ ಇದೇ ಕುರ್ಚಿ ತರಿಸ್ತಿದ್ದೀನಿ."

ಅಮ್ಮ ಅದನ್ನ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. "ಯಾವ ಊರಿನ ಹುಡುಗಿಯೋ ಏನೋ. ನನ್ನ ಮಾತು ನಂಬಿದಳಲ್ಲೇ" ಅಂದಳು.

"ಹಾಗಾದ್ರೆ ಅಳಿಸು ಅಮ್ಮಾ. ಮೋಸಗಾರರು ಅಂತ ಬರಿ" ಅಂದೆ.

"ಅಳಿಸೋದಾ? ಕೊಟ್ಟದ್ದನ್ನ ಕಿತ್ಕೊಳ್ಳೋದಾ? ಅದು ನನ್ನ ಕೈಲಾಗಲ್ಲ. ಬೈಯೋಕೂ ಬರಲ್ಲ ನಂಗೆ. ಆದ್ರೆ ನೋಡದೆ ಹೊಗಳಿದ್ದು ನಾನೇ ತಾನೇ? ಈಗ ನೋಡಿ ಹೊಗಳ್ತೀನಿ." ತಮ್ಮನನ್ನ ಕರೆದಳು. "ಲೋ, ಆ ಕುರ್ಚಿ ಅಂಗೈ ಮೇಲೆ ಇಟ್ಕೋ. ಫೋಟೋ ತೆಗೀಬೇಕು."

ಕುರ್ಚಿಯನ್ನ ಕಿಟಕಿ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಪೆಡಲ್ ಒತ್ತಿ, ಬೆನ್ನು ವಾಲಿಸಿ, ಆಮೇಲೆ ನಿಧಾನವಾಗಿ ಬರೆಯೋಕೆ ಕೂತಳು. ತನ್ನ ಹಳೆಯ ಹೊಗಳಿಕೆ ಕೆಳಗೇ ಸೇರಿಸಿದಳು. ಅದನ್ನ ಇಲ್ಲಿ ಹಾಗೇ ಹೇಳ್ತೀನಿ, ನನಗೆ ಬಾಯಿಪಾಠ ಆಗಿದೆ:

"ಈ ಕುರ್ಚಿಯನ್ನು ಈಗ ತೆರೆದು ನೋಡಿದೆ. ಮೊದಲೇ ಹೇಳಿದ ಹಾಗೆ ತುಂಬಾ ಚೆನ್ನಾಗಿದೆ. ಗುಬ್ಬಚ್ಚಿಗೆ ಕ್ಷೌರ ಮಾಡುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಪೆಡಲ್ ಉಗುರಿನಿಂದ ಒತ್ತಿದರೂ ಸಾಕು, ಕಾಲಿಗೆ ಶ್ರಮವಿಲ್ಲ. ಬಾಡಿಗೆ ಕೋಣೆಯೂ ಬೇಕಾಗಿಲ್ಲ, ಇಡೀ ಸಲೂನನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಬಹುದು. ಬೆಲೆಯನ್ನು ಮಾತ್ರ ಮನುಷ್ಯರು ಕೂರುವ ಕುರ್ಚಿಯದೇ ತೆಗೆದುಕೊಂಡಿದ್ದಾರೆ. ಗುಬ್ಬಚ್ಚಿಗಳಿಗೆ ಇಷ್ಟು ಗೌರವ ಕೊಡುವ ಅಂಗಡಿಯನ್ನು ನಾನು ಬೇರೆ ಕಂಡಿಲ್ಲ. ನನ್ನ ಮಗನಿಗೆ ಗುಬ್ಬಚ್ಚಿ ಗಿರಾಕಿಗಳು ಇನ್ನೂ ಸಿಕ್ಕಿಲ್ಲ. ಸಿಕ್ಕ ಕೂಡಲೇ ತಿಳಿಸುತ್ತೇನೆ. ಪಾರ್ಲರ್ ಇಟ್ಟಿರುವ ಮಗಳೇ, ನಿನ್ನ ಗಿರಾಕಿಗಳು ಯಾವ ಗಾತ್ರದವರು ಎಂದು ನೋಡಿಕೊಂಡು ತರಿಸು."

ಓದಿ ತಮ್ಮ ನಕ್ಕ. ಗುರುವಾರದಿಂದ ಅವನು ನಕ್ಕದ್ದು ಅದೇ ಮೊದಲು.

"ಅಮ್ಮಾ, ನೀನು ಇವರನ್ನ ಗೇಲಿ ಮಾಡ್ತಿದ್ದೀಯಾ?" ಅಂತ ಕೇಳಿದೆ.

"ಛೆ, ಛೆ. ಇರೋದನ್ನ ಇರೋ ಹಾಗೆ ಹೊಗಳಿದೆ ಅಷ್ಟೇ" ಅಂದಳು. ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ, ಅವಳು ಬೇಕೂಂತ ಬರೆದಳೋ ಇಲ್ಲವೋ.

ಐದು ನಕ್ಷತ್ರದ ಹೊಗಳಿಕೆ ಅಲ್ವಾ, ಅದು ತಳಕ್ಕೆ ಹೋಗಲಿಲ್ಲ. ತುತ್ತತುದಿಯಲ್ಲೇ ಉಳಿಯಿತು. ಕುರ್ಚಿ ನೋಡೋಕೆ ಬಂದವರಿಗೆಲ್ಲ ಮೊದಲು ಕಾಣೋದು ನನ್ನ ತಮ್ಮನ ಅಂಗೈ, ಅದರ ಮೇಲೆ ಕುರ್ಚಿ. ಶನಿವಾರ ಬೆಳಗಾಗೋ ಹೊತ್ತಿಗೆ ಜನ ಅದನ್ನ ಒಬ್ಬರಿಗೊಬ್ಬರು ಕಳಿಸಿ ಕಳಿಸಿ, ಅದೇ ಅಂಗಡಿಯಿಂದ ಪೆಟ್ಟು ತಿಂದವರೆಲ್ಲ ಎದ್ದು ಬಂದಿದ್ದರು. ಎಲ್ಲರೂ ಅಮ್ಮನ ದಾರಿಯನ್ನೇ ಹಿಡಿದಿದ್ದರು. ಒಬ್ಬರು ಐದು ನಕ್ಷತ್ರ ಕೊಟ್ಟು, "ನಾವು ತರಿಸಿದ ಮಂಚವೂ ಅತ್ಯುತ್ತಮ, ಮನೆಯ ಇರುವೆಗಳು ಸುಖವಾಗಿ ಮಲಗಿವೆ" ಅಂತ ಬರೆದಿದ್ದರು. ಇನ್ನೊಬ್ಬರು, "ಏಣಿ ಬಹಳ ಗಟ್ಟಿ. ನಮ್ಮನೆ ಸೊಳ್ಳೆ ಈಗ ಅಟ್ಟ ಹತ್ತುತ್ತಿದೆ" ಅಂದಿದ್ದರು. ಗಡಿಯಾರದ ಮಾವ ತಮ್ಮ ಅಂಗಡಿ ಬಾಗಿಲು ಎಳೆದುಕೊಂಡು ಬಂದು, ಒಂದೊಂದನ್ನೇ ಗಟ್ಟಿಯಾಗಿ ಓದಿ ಹೇಳೋರು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು. ಪಾರ್ಲರಿನ ಹುಡುಗಿ, "ಉಳಿಸಿದಿರಿ ತಾಯೀ" ಅಂತ ಬರೆದದ್ದನ್ನ ಅಮ್ಮ ಮಾತ್ರ ಪದೇ ಪದೇ ತೆಗೆದು ನೋಡ್ತಿದ್ದಳು.

ಮಧ್ಯಾಹ್ನ ಅಮ್ಮನ ಫೋನು ಬಡಿದುಕೊಂಡಿತು. ಈ ಸಲ ಹುಡುಗಿಯಲ್ಲ, ಕಂಪನಿಯ ಮೇಲಿನವರು. ಗಂಡು ದನಿ, ಗಂಟಲಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ. ನಾವೆಲ್ಲ ತಮ್ಮನ ಖಾಲಿ ಕೋಣೆಯಲ್ಲಿ ಫೋನಿನ ಸುತ್ತ ನಿಂತೆವು.

"ಅಮ್ಮಾ, ನಿಮ್ಮ ದುಡ್ಡನ್ನ ಇವತ್ತೇ ವಾಪಸ್ ಕೊಡ್ತೀವಿ. ಇದು ನಮ್ಮ ಸೌಜನ್ಯ, ನಮ್ಮ ಹೊಣೆ ಅಂತಲ್ಲ. ಒಂದೇ ಒಂದು ಕೆಲಸ ಮಾಡಿ. ಆ ನಿಮ್ಮ ಗುಬ್ಬಚ್ಚಿ ಹೊಗಳಿಕೆ ಇದೆಯಲ್ಲ, ಅದನ್ನ ತೆಗೆದುಬಿಡಿ."

ನಾನು ತಮ್ಮನ ಕಡೆ ನೋಡಿದೆ. ಇವತ್ತೇ ದುಡ್ಡು ಬಂದರೆ ಸಂಜೆಯೊಳಗೆ ಪೇಟೆಗೆ ಹೋಗಿ ಕಣ್ಣಾರೆ ಕಂಡ ಕುರ್ಚಿ ತರಬಹುದು. ಭಾನುವಾರ ಉಳಿಯುತ್ತೆ.

ಅಮ್ಮ ಫೋನಿಗೆ ಹೇಳಿದಳು: "ನೋಡಪ್ಪಾ, ನಾನು ತೆರೆದು ನೋಡದೆ ಹೊಗಳಿದೆ. ಅದು ನನ್ನ ತಪ್ಪು, ನನ್ನ ಪಾಲಿನ ಹೊಣೆ ನಾನು ಹೊತ್ತೆ. ನೀವು ತೆರೆದು ನೋಡದೆ ಮಾರೋಕೆ ಬಿಟ್ರಿ. ನಿಮ್ಮ ಪಾಲು ಯಾರು ಹೊರ್ತಾರೆ?"

ಆ ಕಡೆಯವರು ಕೆಮ್ಮಿದರು. ಆಮೇಲೆ, "ಅದೆಲ್ಲ ದೊಡ್ಡ ಮಾತಮ್ಮಾ. ತೆಗೀತೀರೋ ಇಲ್ವೋ ಹೇಳಿ" ಅಂದರು.

ಅಮ್ಮ ಫೋನನ್ನ ತಮ್ಮನ ಕಡೆ ಚಾಚಿದಳು. "ಕುರ್ಚಿ ನಿಂದು, ಅಂಗಡಿ ನಿಂದು. ನೀನು ಹೇಗೆ ಹೇಳಿದ್ರೆ ಹಾಗ್ಮಾಡ್ತೀನಿ ಕಣೋ. ತೆಗಿ ಅಂದ್ರೆ ತೆಗೀತೀನಿ."

ತಮ್ಮ ಖಾಲಿ ನೆಲ ನೋಡಿದ. ಕನ್ನಡಿ ನೋಡಿದ. ಆಮೇಲೆ ಅಮ್ಮನ ಮುಖ ನೋಡಿದ.

"ಸಾರ್, ನಮ್ಮ ಮನೇಲಿ ಒಮ್ಮೆ ಹೊಗಳಿದ್ದನ್ನ ವಾಪಸ್ ತಗೊಳ್ಳೋ ರೂಢಿ ಇಲ್ಲ" ಅಂದ.

ನಾನು ಅವನ ಬೆನ್ನಿಗೆ ಎಂಥ ಗುದ್ದು ಕೊಟ್ಟೆ ಅಂದರೆ ಫೋನು ಕೈಯಿಂದ ಬಿತ್ತು. ಖುಷಿಗೆ ಕೊಟ್ಟದ್ದು. ನನಗೆ ಖುಷಿಯಾದರೂ ಗುದ್ದೇ.

ದುಡ್ಡು ಏನಾಯ್ತು ಅಂತ ಕೇಳ್ತೀರಿ, ಅದನ್ನ ಈಗಲೇ ಹೇಳಿ ಮುಗಿಸ್ತೀನಿ. ಅಮ್ಮನ ಹೊಗಳಿಕೆ ಕೆಳಗೆ ನಕ್ಷತ್ರಗಳು ಆಕಾಶದಷ್ಟಾದ ಮೇಲೆ ಕಂಪನಿ ಆ ಅಂಗಡಿಯನ್ನ ಸಂತೆಯಿಂದ ಎತ್ತಿಸಿತು. ದುಡ್ಡು ನಮಗೂ ಬಂತು, ಮಂಚದವರಿಗೂ ಬಂತು, ಏಣಿಯವರಿಗೂ ಬಂತು. ಜೊತೆಗೆ ಬಂದ ಸಂದೇಶದಲ್ಲಿ "ಹೊಣೆ" ಅನ್ನೋ ಮಾತು ಎಲ್ಲೂ ಇರಲಿಲ್ಲ, "ಸೌಜನ್ಯ" ಅಂತಲೇ ಇತ್ತು. "ಪಾಪ, ಆ ಮಾತಿಗೆ ಅವರ ನಾಲಿಗೆ ಹೊರಳಲ್ಲ" ಅಂದಳು ಅಮ್ಮ. ಆದರೆ ಅದೆಲ್ಲ ಆಮೇಲಿನ ಮಾತು. ಭಾನುವಾರ ಬೆಳಿಗ್ಗೆ ನಮ್ಮ ಹತ್ತಿರ ದುಡ್ಡೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ.

ಬೋರ್ಡು ಮಾತ್ರ ಇತ್ತಲ್ಲ, ಜನ ಬಂದುಬಿಟ್ಟರು. ಗುಬ್ಬಚ್ಚಿ ಕುರ್ಚಿ ನೋಡೋಕೆ ಅರ್ಧ, ಕೂದಲು ಕತ್ತರಿಸಿಕೊಳ್ಳೋಕೆ ಅರ್ಧ. ತಮ್ಮ ಆ ಕುರ್ಚಿಯನ್ನ ಕನ್ನಡಿ ಮುಂದೆ ಬಾಚಣಿಗೆಗಳ ಪಕ್ಕ ಇಟ್ಟಿದ್ದ. ಜನರನ್ನ ಎಲ್ಲಿ ಕೂರಿಸೋದು ಅಂತ ಅವನು ಬೆವರುತ್ತಿದ್ದಾಗ ಬೀದಿಯ ಕೊನೆಯಿಂದ ಏದುಸಿರು ಬಿಡ್ತಾ ಪಾರ್ಸಲಣ್ಣ ಬಂದ. ಭುಜದ ಮೇಲೆ ಕುರ್ಚಿ! ಎರಡೂ ಕೈಯಲ್ಲಿ ಹಿಡಿದಿದ್ದ. ಅವನ ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ತಿರುಗೋ ಕುರ್ಚಿ, ಮೇಲೆ ಕೆಳಗೆ ಹೋಗುತ್ತೆ, ಕೆಳಗೆ ಚಕ್ರ.

"ಇದು ಭಾರ ಇದೆ, ನೋಡಿ. ನಮ್ಮ ಯಜಮಾನರನ್ನ ಕೇಳಿಯೇ ತಂದಿದ್ದೀನಿ" ಅಂದ.

"ನಿನಗ್ಯಾಕಣ್ಣಾ ಈ ಕಷ್ಟ? ನೀನೇನು ಮಾರಿದವನಾ?" ಅಂದೆ.

"ಹಗುರ ಇದೆ ಅಂತ ನನ್ನ ಭುಜಕ್ಕೆ ಅವತ್ತೇ ಗೊತ್ತಾಯ್ತಕ್ಕಾ. ಬಾಯಿ ಗಟ್ಟಿ ಮಾಡಿ ಹೇಳಬೇಕಿತ್ತು. ಚಹಾ ಕುಡ್ಕೊಂಡು ಹೊರಟುಬಿಟ್ಟೆ." ಇಷ್ಟು ಹೇಳಿ ಹಣೆ ಒರೆಸಿಕೊಂಡ. ಇಡೀ ಲೋಕದಲ್ಲಿ ಕೇಳದೆಯೇ ಹೊಣೆ ಹೊತ್ತುಕೊಂಡು ಬಂದವನು ಇವನೊಬ್ಬ ನೋಡಿ! ಆ ಭುಜವನ್ನ ಕಣ್ಣಿಗೊತ್ತಿಕೊಳ್ಳೋಣ ಅನಿಸಿತು. ಗಡಿಯಾರದ ಮಾವ ಭೂತಗನ್ನಡಿ ಹಾಕಿಕೊಂಡು ಛಾವಣಿ ನೋಡೋಕೆ ಶುರುಮಾಡಿದರು.

ಮೊದಲ ಗಿರಾಕಿ ಬೇರೆ ಯಾರಾಗಬೇಕು, ಪಾರ್ಸಲಣ್ಣನನ್ನೇ ಕೂರಿಸಿದೆವು. ಚಕ್ರಗಳು ಓಡದ ಹಾಗೆ ನಾನು ಬಟ್ಟೆ ಪಟ್ಟಿ ಸುತ್ತಿ ಬಿಗಿದೆ. ತಮ್ಮ ಅವನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ನೀರು ಚಿಮುಕಿಸಿ, ಕತ್ತರಿ ಎತ್ತಿದ. ಅರ್ಧ ತಲೆ ಆಗಿತ್ತು, ಒಂದು ಪಟ್ಟಿ ಬಿಚ್ಚಿಕೊಂಡಿತು. ಕುರ್ಚಿ ಮೆಲ್ಲಗೆ ಬಾಗಿಲ ಕಡೆ ಹೊರಟಿತು. "ನಾನೇನೂ ಮಾಡಿಲ್ಲ, ಅದೇ ಹೋಗ್ತಿದೆ!" ಅಂತ ಪಾರ್ಸಲಣ್ಣ ಬಟ್ಟೆಯೊಳಗಿಂದ ಕೂಗಿದ. ತಮ್ಮ ಕತ್ತರಿ ನಿಲ್ಲಿಸದೆ ಪಕ್ಕದಲ್ಲೇ ನಡೆದುಕೊಂಡು ಹೊಸ್ತಿಲವರೆಗೆ ಹೋದ. ಅವನನ್ನ ಕುರ್ಚಿ ಸಮೇತ ಎಲ್ಲರೂ ಸೇರಿ ತಳ್ಳಿಕೊಂಡು ವಾಪಸ್ ತಂದರು. ನಕ್ಕ ಸದ್ದಿಗೆ ಬೀದಿಯಲ್ಲಿ ಹೋಗ್ತಿದ್ದವರೂ ಒಳಗೆ ಬಂದರು.

ಕೊನೆಗೆ ಕುತ್ತಿಗೆ ಒರೆಸಿ, ಬಟ್ಟೆ ಕೊಡವಿ, "ಅಮ್ಮಾ, ಮುಗೀತು" ಅಂದ.

ಅಮ್ಮ ಮೂಲೆಯಲ್ಲಿ ನಮ್ಮ ಕಡೆ ಬೆನ್ನು ಮಾಡಿ ಜನಕ್ಕೆ ಚಹಾ ಬಗ್ಗಿಸ್ತಿದ್ದಳು. ಈಗ ಬರುತ್ತೆ "ತುಂಬಾ ಚೆನ್ನಾಗಿದೆ" ಅಂತ ನಾವೆಲ್ಲ ಕಾದೆವು. ಬರಲಿಲ್ಲ. ಅಮ್ಮ ಕೆಟಲ್ ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಡಬ್ಬಿಯಿಂದ ಕನ್ನಡಕ ತೆಗೆದು, ಉಸಿರು ಊದಿ ಒರೆಸಿ, ಹಾಕಿಕೊಂಡಳು. ಹತ್ತಿರ ಬಂದು ಪಾರ್ಸಲಣ್ಣನ ಗಲ್ಲ ಹಿಡಿದು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ತಲೆ ಬಗ್ಗಿಸಿ ಕುತ್ತಿಗೆ ನೋಡಿದಳು.

"ಎಡಗಿವಿ ಹಿಂದೆ ಒಂದು ಎಳೆ ಉಳಿದಿದೆ, ನೋಡು" ಅಂದಳು ಅಮ್ಮ.

ತಮ್ಮ ಬಗ್ಗಿ ನೋಡಿದ. ಇತ್ತು. ಕತ್ತರಿಸಿದ. ಅಮ್ಮ ಇನ್ನೊಂದು ಸಲ ಸುತ್ತಲೂ ನೋಡಿದಳು, ಅವಸರವಿಲ್ಲದೆ.

"ಈಗ ತುಂಬಾ ಚೆನ್ನಾಗಿದೆ ಕಣೋ" ಅಂದಳು.

ತಮ್ಮ ಕತ್ತರಿ ಕೆಳಗಿಟ್ಟು ನನ್ನ ಕಡೆ ತಿರುಗಿದ. ಕಣ್ಣು ತುಂಬಿಹೋಗಿತ್ತು, ಬಾಯಿ ಕಿವಿಯವರೆಗೂ ಹಿಗ್ಗಿತ್ತು. "ಅಕ್ಕಾ, ಕೇಳಿದ್ಯಾ? ಒಂದು ಎಳೆ ಉಳಿದಿತ್ತಂತೆ!" ಅಂದ. ಅವತ್ತು ಆ ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದ.